ಹಿಂದಿನ ಸೀಟಿನಿಂದ ಒಂದು ಮಾತು

ಆಸ್ಪತ್ರೆಯವರೆಲ್ಲ ಸೇರಿ ಆಂಬುಲೆನ್ಸ್ ಡ್ರೈವರನಿಗೆ ಇಟ್ಟ ಹೆಸರು ಸೈರನ್. ಇಂಥ ಅನ್ಯಾಯದ ಹೆಸರು ಇನ್ನೊಂದಿರಲಾರದು. ಬಾಯಿ ಬಿಟ್ಟರೆ ಎಲ್ಲಿ ಮುತ್ತು ಉದುರಿಬಿಡುತ್ತದೋ ಅನ್ನುವ ಹಾಗೆ ಇರುತ್ತಿದ್ದ ಮನುಷ್ಯ ಅವನು. ಮಾತು ಬರುತ್ತಿದ್ದದ್ದು ಗಾಡಿಯೊಳಗೆ ಮಾತ್ರ, ಅದೂ ಬೆನ್ನ ಹಿಂದೆ ಮಲಗಿದವರ ಜೊತೆ. "ಹೆದರ್ಬೇಡಿ, ಇನ್ನೇನು ಬಂದ್ಬಿಟ್ವಿ" ಅಂತ ತಿರುವಿಗೊಂದು ಸಲ ಹೇಳುತ್ತಿದ್ದ. ಹಿಂದಿನಿಂದ ಉತ್ತರ ಬರುತ್ತಿರಲಿಲ್ಲ. ಉತ್ತರ ಕೊಡುವಷ್ಟು ಚೆನ್ನಾಗಿದ್ದರೆ ಇವನ ಗಾಡಿಯನ್ನೇಕೆ ಹತ್ತುತ್ತಿದ್ದರು! ಆದರೂ ನಿವೃತ್ತನಾಗುವ ದಿನದವರೆಗೂ ಅವನು ಆ ಮಾತು ಬಿಡಲಿಲ್ಲ.

ಆಂಬುಲೆನ್ಸಿನಲ್ಲಿ ಗಾಳಿಯ ಹಾಗೆ ಹೋಗುತ್ತಿದ್ದವನು ಸ್ವಂತ ಸ್ಕೂಟರ್ ಹತ್ತಿದರೆ ಮುಗಿಯಿತು, ಸೈಕಲ್ಲಿನವರು ಕೂಡ ಗಂಟೆ ಬಾರಿಸಿ ಮುಂದೆ ಹೋಗುತ್ತಿದ್ದರು. ಹಿಂದೆ ಕೂತ ಹೆಂಡತಿಗೆ ನಾಚಿಕೆಯಾಗುತ್ತಿತ್ತು. ಅವಳು ಮನೆಗಳಿಗೆ ಕಿಟಕಿ ಪರದೆ ಹೊಲಿದುಕೊಡುವವಳು. ಹೊಲಿಗೆ ಯಂತ್ರದಷ್ಟೇ ನಾಲಗೆಯೂ ಚುರುಕು.

"ನಿಮ್ಮ ಗಾಡೀಲಿ ಜೋರಾಗಿ ಹೋಗ್ಬೇಕು ಅಂದ್ರೆ ಅರ್ಧ ಸತ್ತಿರ್ಬೇಕು ನೋಡಿ" ಅಂತ ಎಲ್ಲರೆದುರೂ ಹೇಳಿ ನಗಿಸುತ್ತಿದ್ದಳು.

"ಜೋರಾಗಿ ಹೋಗೋಕೆ ಕಾರಣ ಬೇಕಲ್ಲ ಕಣೇ" ಅನ್ನುತ್ತಿದ್ದ ಸೈರನ್.

ನಿವೃತ್ತಿಯಾದ ಸ್ವಲ್ಪ ದಿನಕ್ಕೆ ಕಣ್ಣಿನ ಡಾಕ್ಟರು ಒಂದು ಮಾತು ಹೇಳಿದರು. ಕಣ್ಣಿನ ಹಿಂದಿನ ನರ ನಿಧಾನಕ್ಕೆ ಸೋಲುತ್ತಿದೆ. "ಸದ್ಯಕ್ಕೆ ಹಗಲಲ್ಲಿ ಗಾಡಿ ಓಡಿಸೋಕೆ ಏನೂ ತೊಂದ್ರೆ ಇಲ್ಲ, ನಾನೇ ಬರ್ಕೊಡ್ತೀನಿ. ಆದ್ರೆ ಮುಂದಿನ ವರ್ಷ ಲೈಸೆನ್ಸಿಗೆ ನನ್ನ ಸಹಿ ಕೇಳ್ಬೇಡಿ." ಹೆಂಡತಿ ಅಲ್ಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸೈರನ್ ಮಾತ್ರ ಡಾಕ್ಟರಿಗೆ ಕೈಮುಗಿದ. "ಕೆಲಸ ಮುಗಿಯೋವರೆಗೂ ಕೈ ಕೊಡ್ಲಿಲ್ಲವಲ್ಲ ಸರ್, ಅಷ್ಟು ಸಾಕು" ಅಂದ. ಅವನು ಅದನ್ನು ಬಾಯಿಮಾತಿಗೆ ಹೇಳಿರಲಿಲ್ಲ.

ಮನೆಗೆ ಬಂದ ಮೇಲೆ ಹೆಂಡತಿ ಎದುರು ಕೂತಳು. "ಏನಾದ್ರೂ ಆಸೆ ಇದ್ರೆ ಈಗ್ಲೇ ಹೇಳಿಬಿಡಿ."

ಸೈರನ್ ಮದುವೆ ಗಂಡಿನ ಹಾಗೆ ನಾಚಿಕೊಂಡು ಪರ್ಸಿನಿಂದ ಪೇಪರಿನ ತುಂಡೊಂದನ್ನು ತೆಗೆದ. ಅದರಲ್ಲಿ ಆಗಷ್ಟೇ ಮಾರುಕಟ್ಟೆಗೆ ಬಂದಿದ್ದ ಕೆಂಪು ಕಾರಿನ ಚಿತ್ರ, ಕೆಳಗೆ ಬೆಲೆ. ರೇಸಿನ ಗಾಡಿ ಮಾಡುವವರೇ ಆ ಕಾರಿನ ಎಂಜಿನ್ ಮಾಡಿದ್ದರಂತೆ. "ಒಂದೇ ಒಂದ್ಸಲ ಆದ್ರೂ, ಹಿಂದೆ ಯಾರೂ ನರಳದೇ ಇರೋವಾಗ ಜೋರಾಗಿ ಓಡಿಸ್ಬೇಕು ಅಂತ" ಅಂದ.

ಬೆಲೆ ನೋಡಿ ಅವಳು ಮೂಗಿನ ಮೇಲೆ ಬೆರಳಿಟ್ಟಳು. ಆಮೇಲೆ ಬೆರಳು ತೆಗೆದು, "ನಿವೃತ್ತಿ ದುಡ್ಡು ನಿಮ್ಮ ಬೆವರಿನದು, ತಗೊಳ್ಳಿ. ಮುಂದಿನ ವರ್ಷದ ಹೊತ್ತಿಗೆ ನಾನು ಕಲ್ತು ಓಡಿಸ್ತೀನಿ" ಅಂದಳು. ಇಂಥ ಹೆಂಡತಿ ಸಿಗಲು ತಾನೇನು ಪುಣ್ಯ ಮಾಡಿದ್ದೆ ಅಂತ ಸೈರನ್‌ಗೆ ಆ ದಿನವೆಲ್ಲ ಅನ್ನಿಸುತ್ತಿತ್ತು.

ಶೋರೂಮಿನ ನೆಲ ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿತ್ತು. ಅಲ್ಲಿ ಕಾರು ತೋರಿಸುವ ಕೆಲಸದ ಹುಡುಗಿ ಇವರಿಬ್ಬರನ್ನೂ ಡೆಮೊ ಗಾಡಿಗೆ ಹತ್ತಿಸಿದಳು. ಕೈಯಲ್ಲಿದ್ದ ಕಾಫಿ ಕಪ್ಪನ್ನು ಇಡಲು ಜಾಗ ಸಿಗದೆ ಹಿಡಿದುಕೊಂಡೇ ಪಕ್ಕದಲ್ಲಿ ಕೂತಳು. ಇನ್ನೊಂದು ಕೈಯಲ್ಲಿ ಬಾಗಿಲ ಮೇಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದಳು. ಊರೊಳಗೆ ಒಂದೇ ಸುತ್ತು, ಹೆಜ್ಜೆಗೊಂದು ಸಿಗ್ನಲ್. ಸೈರನ್ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಗಾಡಿಯನ್ನು ಸಂದಣಿಯೊಳಗಿಂದ ತಂದ. ಅರ್ಧ ದಾರಿಗೆ ಹುಡುಗಿಯ ಕೈ ಹಿಡಿಯಿಂದ ತಾನಾಗಿಯೇ ಕೆಳಗಿಳಿಯಿತು.

ಆಮೇಲೆ ಮ್ಯಾನೇಜರನ ಗಾಜಿನ ಕೋಣೆ. ಅವನು ಕಂಪನಿಯ ಬೆಲೆ ಹೇಳಿ, ಕೆಮ್ಮಿ, ಅದರ ಮೇಲೆ ತಮ್ಮದು ಇಷ್ಟು ಅಂದ. ಆ 'ಇಷ್ಟು' ಕೊಟ್ಟರೆ ಬೇರೆಲ್ಲಾದರೂ ಒಂದು ಸಣ್ಣ ಕಾರೇ ಬರುತ್ತಿತ್ತು.

"ಇದು ಏತಕ್ಕೆ?" ಹೆಂಡತಿ ಕೇಳಿದಳು. "ಚಕ್ರಕ್ಕೆ ಬಂಗಾರದ ನೀರು ಏನಾದ್ರೂ ಹಾಕಿಸ್ತೀರಾ?"

"ಹಾಗಲ್ಲಮ್ಮ. ಹೊಸ ಗಾಡಿ, ನಮಗೆ ಬಂದಿರೋದೇ ಬೆರಳೆಣಿಕೆಯಷ್ಟು. ಬೇಗ ಬೇಕು ಅನ್ನೋರು ಇಷ್ಟು ಕೊಡ್ತಾರೆ. ಬೇಡ ಅಂದ್ರೆ ಸರತೀಲಿ ಹೆಸರು ಬರ್ಸಿ, ಒಂದೂವರೆ ವರ್ಷದಲ್ಲಿ ಸಿಗುತ್ತೆ."

"ಅಂದ್ರೆ ಇದು ಸರತಿ ದಾಟಿ ಮುಂದೆ ಹೋಗೋಕಾ?" ಸೈರನ್ ಕೇಳಿದ.

"ಹಾಗೇ ಅನ್ಕೊಳ್ಳಿ ಸರ್."

ಹೆಂಡತಿ ಮೇಜಿನಡಿಯಲ್ಲಿ ಅವನ ತೊಡೆ ಚಿವುಟಿದಳು. ಪರದೆ ಹೊಲಿದು ಕೂಡಿಟ್ಟದ್ದಿದೆ, ಹೂಂ ಅನ್ನಿ ಅಂತ ಅದರ ಅರ್ಥ. ಒಂದೂವರೆ ವರ್ಷ ಕಾಯಲು ಆ ಕಣ್ಣಲ್ಲಿ ಬೆಳಕಿರುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಆದರೂ ಸೈರನ್ ಬೇಡವೆಂದು ತಲೆಯಾಡಿಸಿದ.

"ನಾನು ಜೀವಮಾನ ಪೂರ್ತಿ ಸರತಿ ದಾಟ್ಕೊಂಡೇ ಹೋಗಿದೀನಿ ಸರ್. ರಸ್ತೇಲಿ ಇದ್ದವರೆಲ್ಲ ಫುಟ್‌ಪಾತ್ ಹತ್ತಿಸಿ, ಚರಂಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಿದಾರೆ. ಒಬ್ಬರೂ ದುಡ್ಡು ಕೇಳ್ಲಿಲ್ಲ. ಈಗ ನನ್ನ ಖುಷಿಗೋಸ್ಕರ ದುಡ್ಡು ಕೊಟ್ಟು ಮುಂದೆ ಹೋಗೋಕೆ ಮನಸ್ಸು ಬರಲ್ಲ." ಸಿಟ್ಟಿಲ್ಲದೆ ಹೇಳಿ, ಕಾರು ಓಡಿಸಲು ಕೊಟ್ಟದ್ದಕ್ಕೆ ಉಪಕಾರವಾಯಿತು ಅಂದು ಎದ್ದ.

ಹೊರಗೆ ಸ್ಕೂಟರಿನ ಹತ್ತಿರ ಬರುವವರೆಗೂ ಹೆಂಡತಿ ಬೈಯುತ್ತಲೇ ಇದ್ದಳು. "ದಾರಿ ಬಿಟ್ಟೋರೆಲ್ಲ ನಿಮ್ಮನ್ನ ಲೆಕ್ಕ ಕೇಳೋಕೆ ಬರ್ತಾರಾ? ಸತ್ಯವಂತರ ಮೊಮ್ಮಗ!" ಅಷ್ಟರಲ್ಲಿ ಅವನು ಗಾಜಿನಾಚೆಯ ಕೆಂಪು ಕಾರನ್ನು ಒಮ್ಮೆ ತಿರುಗಿ ನೋಡಿದ್ದು ಅವಳ ಕಣ್ಣಿಗೆ ಬಿತ್ತು. ಬೈಗುಳ ಬಾಯಲ್ಲೇ ಉಳಿಯಿತು. ಅವನ ಕಾಲರ್ ಸರಿಮಾಡಿದಳು.

"ಅಂಕಲ್, ಒಂದ್ನಿಮಿಷ!"

ಡೆಮೊ ತೋರಿಸಿದ ಹುಡುಗಿ ಓಡಿ ಬರುತ್ತಿದ್ದಳು. ಕೈಯಲ್ಲಿ ಅದೇ ಕಪ್ಪು, ಕಾಫಿ ತಣ್ಣಗಾಗಿತ್ತು. "ನೋಡಿ, ಒಂದು ತೊಟ್ಟೂ ಚೆಲ್ಲಿಲ್ಲ. ದಿನಾ ಒಬ್ಬೊಬ್ಬರು ಬಂದು ತಮ್ಮ ಪ್ರತಾಪ ತೋರ್ಸೋಕೆ ನನ್ನನ್ನ ಆ ಗಾಡೀಲಿ ಕುಲುಕಿ ಹಾಕ್ತಾರೆ. ಮನೆಗೆ ಹೋದ್ರೂ ಎದೆ ಡವಡವ ಅಂತಿರುತ್ತೆ. ಇವತ್ತು ಮೊದಲನೇ ಸಲ ನಾನು ಕಿಟಕಿ ಆಚೆ ನೋಡ್ಕೊಂಡು ಕೂತಿದ್ದೆ." ಅವಳು ಉಸಿರು ಎಳೆದುಕೊಂಡಳು. "ಆ ಡೆಮೊ ಗಾಡೀನೇ ತಗೊಂಡ್ಬಿಡಿ. ಹೊಸ ಡೆಮೊ ಬರ್ತಿದೆ, ಇದನ್ನ ಮಾರ್ಲೇಬೇಕು. ಡೆಮೊಗೆ ಮೇಲಿನ ದುಡ್ಡು ಕೇಳೋ ಹಾಗಿಲ್ಲ, ಕಂಪನಿ ಬೆಲೆಗಿಂತ ಕಮ್ಮೀನೇ ಆಗುತ್ತೆ. ಮ್ಯಾನೇಜರ್ ತಾವಾಗೇ ಹೇಳಲ್ಲ, ನೀವೇ ಕೇಳ್ಬೇಕು."

ಸೈರನ್‌ಗೆ ಇನ್ನೂ ಒಂದು ಅನುಮಾನ. "ಅದಕ್ಕೆ ಸರತಿ ಇಲ್ವಾಮ್ಮ?"

"ಒಬ್ಬರೂ ಇಲ್ಲ ಅಂಕಲ್. ಇಂಥ ಗಾಡಿ ತಗೊಳ್ಳೋರಿಗೆ ಸೀಟಿನ ಪ್ಲಾಸ್ಟಿಕ್ ತಾವೇ ಹರೀಬೇಕು. ಊರವರೆಲ್ಲ ಕೂತು ಎದ್ದ ಸೀಟು ಯಾರಿಗೆ ಬೇಕು?"

"ನಾನು ಓಡಿಸಿದ್ದೆಲ್ಲ ಅಂಥದ್ದೇ" ಅಂತ ಸೈರನ್ ನಕ್ಕ. ಹೆಂಡತಿ ಹುಡುಗಿಯ ಎರಡೂ ಕೆನ್ನೆ ಹಿಡಿದು, "ನಿನ್ನ ಹೊಟ್ಟೆ ತಣ್ಣಗಿರ್ಲಿ ಮಗಳೇ" ಅಂದಳು.

ಮ್ಯಾನೇಜರ್ ಹರಳೆಣ್ಣೆ ಕುಡಿದವನ ಮುಖ ಮಾಡಿಕೊಂಡ. ಮಾಡಿಕೊಂಡೇ ಸಹಿ ಹಾಕಿದ, ಪಾಪ.

ರಜೆಯ ದಿನ ಬೆಳಿಗ್ಗೆ ಇಬ್ಬರೂ ಹೆದ್ದಾರಿಗೆ ಹೊರಟರು. ಬಿಸಿಲು ಚೆನ್ನಾಗಿತ್ತು, ರಸ್ತೆ ಖಾಲಿಯಿತ್ತು. ಸೈರನ್ ಮುಂದಿನ ಬಾಗಿಲು ತೆರೆದು ಹಿಡಿದರೆ ಹೆಂಡತಿ ಸೀರೆ ಒಟ್ಟು ಮಾಡಿಕೊಂಡು ಹಿಂದಿನ ಇಕ್ಕಟ್ಟಿನ ಸೀಟಿಗೆ ನುಗ್ಗಿದಳು.

"ಇದೇನು, ಹಿಂದೆ?"

"ನಿಮ್ಮ ಜೋರೆಲ್ಲ ಹಿಂದೆ ಇರೋರಿಗೇ ತಾನೇ? ಅವರು ಕಂಡಿದ್ದನ್ನ ನಾನೂ ಒಂದ್ಸಲ ಕಾಣ್ತೀನಿ."

ಫಲಕದಲ್ಲಿ ಬರೆದ ವೇಗದವರೆಗೆ ಅವನು ಗಾಡಿಯನ್ನು ಬಿಟ್ಟ, ಅದಕ್ಕಿಂತ ಒಂದು ಕೂದಲೆಳೆಯೂ ಹೆಚ್ಚಿಲ್ಲ. ಎಂಜಿನ್ ಗುಡುಗಿತು. ಮುಂದೆ ಹೋಗುತ್ತಿದ್ದ ಲಾರಿ ತಾನಾಗಿಯೇ ಎಡಕ್ಕೆ ಸರಿದು ದಾರಿ ಬಿಟ್ಟಿತು. ಅಷ್ಟು ವರ್ಷ ದಾರಿ ಬಿಟ್ಟವರಲ್ಲಿ ಒಬ್ಬರಿಗೂ ಕೈಯೆತ್ತಲು ಅವನಿಗೆ ಪುರಸೊತ್ತಾಗಿರಲಿಲ್ಲ. ಇವತ್ತು ಲಾರಿಯವನಿಗೆ ಕೈಯೆತ್ತಿದ. ಅದು ಅವರೆಲ್ಲರಿಗೂ ಸೇರಲಿ ಅಂದುಕೊಂಡ.

ಮುಂದೆ ತಿರುವು ಬಂತು. ಬಾಯಿ ಅಭ್ಯಾಸಬಲದಿಂದ ಆಡಿಯೇಬಿಟ್ಟಿತು.

"ಹೆದರ್ಬೇಡಿ, ಇನ್ನೇನು ಬಂದ್ಬಿಟ್ವಿ."

ಆಡಿದ ಮೇಲೆ ತಾನೆಲ್ಲಿದ್ದೇನೆಂದು ನೆನಪಾಗಿ ನಾಚಿಕೆಯಾಯಿತು. ಆಗ ಹಿಂದಿನಿಂದ ಒಂದು ಕೈ ಬಂದು ಅವನ ಭುಜದ ಮೇಲೆ ಕೂತಿತು.

"ನಾನು ಚೆನ್ನಾಗಿದೀನಿ ಕಣ್ರೀ" ಅಂದಳು ಅವಳು. "ಎಲ್ಲೂ ನಿಲ್ಲಿಸ್ಬೇಡಿ, ಹೀಗೇ ಹೋಗ್ತಾ ಇರಿ."