ಗಂಟೆ ಆಗುವವರೆಗೆ ಯಾರೂ ಕೂರಬಾರದು

ಬರೆಯಲೋ, ಬೇಡವೋ? ಬರೆದರೆ ನೌಕರಿ ಹೋದೀತು. ಬರೆಯದಿದ್ದರೆ ಹುಲಿಗೆಮ್ಮತ್ತೆಯ ಮುಖ ನೋಡುವುದು ಹೇಗೆ? ಅಷ್ಟಕ್ಕೂ ನಾಲ್ಕು ಹೆಸರುಗಳ ಕೆಳಗೆ ಇನ್ನೊಂದು ಹೆಸರು ಬರೆದರೆ ಕಾಗದಕ್ಕೇನು ಭಾರ? ಕಾಗದಕ್ಕೆ ಭಾರವಿಲ್ಲವೆಂದರೆ ಕೈಗೇಕೆ ಇಷ್ಟು ಭಾರ?

ಕೊತ್ತಕಾಲುವ ನಗರಸಭೆಯ ಮೆಟ್ಟಿಲ ಮೇಲೆ, ಕೆಳಗಿನ ಕಚೇರಿಗೂ ಮೇಲಿನ ಸಭಾಂಗಣಕ್ಕೂ ನಡುವೆ, ಸಂತಾಪ ಸೂಚನೆಯ ಪಟ್ಟಿ ಹಿಡಿದು ಇಂದುಧರ ನಿಂತುಬಿಟ್ಟಿದ್ದ. ವಿಜಯವಾಡದಿಂದ ಗನ್ನವರಂ ಕಡೆ ಹೋಗುವ ದಾರಿಯಲ್ಲಿ ನಾಲ್ಕು ಹಳ್ಳಿಗಳನ್ನು ಕೌದಿಯಂತೆ ಹೊಲಿದು ಮಾಡಿದ ಊರು ಅದು. ಇಂದುಧರ ಸಿಂಧನೂರಿನ ಕಡೆಯವನು, ಇತಿಹಾಸದಲ್ಲಿ ಎಂ.ಎ. ಮಾಡಿದವನು, ಇಲ್ಲಿ ಗುತ್ತಿಗೆಯ ಜವಾನ. ಆ ಹೆಸರನ್ನು ಅವನಿಗೆ ಇಟ್ಟವರು ಶಾಲೆಯ ಹೆಡ್ಮಾಸ್ತರು. ಊರ ಗೌಡರ ಬಾಯಲ್ಲಿ ಅದು 'ಇಂದ್ಯಾ' ಆಗಿತ್ತು. ಇಲ್ಲಿ ಅದೂ ಉಳಿಯದೆ 'ಗಂಟ' ಆಯಿತು. ತೆಲುಗಿನಲ್ಲಿ ಗಂಟ ಎಂದರೆ ಗಂಟೆ. ಸಭೆಯ ದಿನ ಗಂಟೆ ಬಾರಿಸುವುದೇ ಅವನ ಮುಖ್ಯ ಕೆಲಸ.

ಕೆಲಸ ಕೊಡಿಸಿದವನು ಸೋದರಮಾವ ತಾಯಪ್ಪ. ಇಪ್ಪತ್ತು ವರ್ಷದ ಹಿಂದೆ ಕೇಬಲ್ಲಿನ ತಗ್ಗು ತೋಡುವ ಗ್ಯಾಂಗಿನ ಜೊತೆ ಬಂದವನು, ವಿಜಯವಾಡದ ಒನ್ ಟೌನಿನ ಮಂಡಿಗಳಲ್ಲಿ ಮೂಟೆ ಹೊತ್ತು ಬೆನ್ನು ಬಾಗಿಸಿಕೊಂಡು, ಕೊನೆಗೆ ಈ ನಗರಸಭೆಯ ಒಳಚರಂಡಿಗೆ ಇಳಿಯುವವನಾಗಿದ್ದ. ಇಪ್ಪತ್ತೆರಡು ದಿನದ ಹಿಂದೆ ತರಕಾರಿ ಮಾರುಕಟ್ಟೆಯ ಹಿಂದಿನ ಮ್ಯಾನ್‌ಹೋಲಿಗೆ ಇಳಿದ. ಸ್ವಲ್ಪ ಹೊತ್ತಿಗೆ ಅವನ ಸೊಂಟಕ್ಕೆ ಕಟ್ಟಿದ್ದ ಹಗ್ಗ ಅಲುಗಾಡುವುದು ನಿಂತಿತು. "ಮುದುಕ ಕೆಳಗೆ ಬೀಡಿ ಸೇದ್ತಿರಬೇಕು, ಬರ್ತಾನೆ ಬಿಡ್ರೋ," ಎಂದು ಸೂಪರ್‌ವೈಸರ್ ದಿನೇಶ ಎಲ್ಲರಿಗೂ ಚಹಾ ಹೇಳಿದ. ಚಹಾ ಬಂತು, ಕುಡಿದರು, ಗ್ಲಾಸು ವಾಪಸು ಹೋದವು. ಆಮೇಲೆ ಹಗ್ಗ ಎಳೆದರು.

ಆದರೆ ನಗರಸಭೆಯ ಕಡತದ ಪ್ರಕಾರ ಆ ದಿನ ಯಾರೂ ಇಳಿದೇ ಇರಲಿಲ್ಲ. ಚರಂಡಿ ತೊಳೆಯಲು ಯಂತ್ರ ಬಂದಿತ್ತಲ್ಲ! ಅದನ್ನು ನೋಡಿ ಬರಲು ಸದಸ್ಯರೆಲ್ಲ ವಿಶಾಖಪಟ್ಟಣಕ್ಕೆ ಅಧ್ಯಯನ ಪ್ರವಾಸ ಹೋಗಿ, ಯಂತ್ರವನ್ನು ಅರ್ಧ ಗಂಟೆಯೂ ಸಮುದ್ರವನ್ನು ಮೂರು ದಿನವೂ ಅಧ್ಯಯನ ಮಾಡಿ ಬಂದಿದ್ದರು. ತಂದ ಯಂತ್ರ ಎರಡು ವಾರ ಓಡಿ, ವರ್ಷದಿಂದ ಆಟೋನಗರದ ಒಂದು ಶೆಡ್ಡಿನಲ್ಲಿ ಚಕ್ರ ಬಿಚ್ಚಿಕೊಂಡು ಕೂತಿತ್ತು. ಕಡತದಲ್ಲಿ ಮಾತ್ರ ದಿನವೂ ದುಡಿಯುತ್ತಿತ್ತು. ಹೀಗಾಗಿ ತಾಯಪ್ಪ 'ಕುಡಿದು ಬಿದ್ದ ದಾರಿಹೋಕ' ಆದ. ಅವನು ಹೆಂಡ ಮುಟ್ಟಿದವನೇ ಅಲ್ಲ.

ಬೆಳಿಗ್ಗೆ ನಗರಸಭೆಯ ಅಂಗಳ ಗುಡಿಸುತ್ತಿದ್ದ ತಾಯಪ್ಪನ ಹೆಂಡತಿ ಹುಲಿಗೆಮ್ಮ ಪೊರಕೆ ಅಡ್ಡ ಹಿಡಿದು ಇಂದುಧರನನ್ನು ನಿಲ್ಲಿಸಿದ್ದಳು.

"ಅಳಿಯಾ, ಹ್ವಾದ ತಿಂಗಳ ಆ ಫಣೀಂದ್ರನ್ನ ಸತ್ತಾನಂತ ಓದಿದ್ರಲ್ಲೋ?"

"ಹೂಂ ಅತ್ತಿ."

"ಮರುದಿನ ಆತ ಸ್ಕೂಟರ್ ಮ್ಯಾಗ ಬಂದು ಗೇಟಿನ್ಯಾಗ ನಿಂತು ಎಲ್ಲಾರ ಅವ್ವ ಅಕ್ಕನ್ನ ಬೈದ. ಹೌದಿಲ್ಲೋ?"

ಹೌದು. ಫಣೀಂದ್ರ ಮಾಜಿ ಉಪಾಧ್ಯಕ್ಷ. ಆಸ್ಪತ್ರೆಗೆ ಸೇರಿದ ಸುದ್ದಿ ಕೇಳಿ, ಯಾರೋ ಒಬ್ಬರು ಅವಸರಪಟ್ಟು ಪಟ್ಟಿಗೆ ಸೇರಿಸಿಬಿಟ್ಟಿದ್ದರು. ಈಗ ಅವರು ಜೀವಂತವಾಗಿದ್ದಾರೆಂದು ಇವತ್ತಿನ ಸಭೆ ನಿರ್ಣಯ ಮಾಡಬೇಕಾಗಿತ್ತು. ಎರಡನೇ ವಿಷಯವೇ ಅದು.

"ಬದುಕಿದ್ದಾತನ್ನ ಸತ್ತಾನಂತ ಬರದ್ರು ಬಾಡ್ಕೋಗಳು. ನಮ್ಮಾತ ಖರೇನ ಸತ್ತಾನ. ಆತನ್ನ ಬರಿಯಾಕ ಏನ್ ಧಾಡಿ ಆಗೇತಿ ಇವ್ರಿಗೆ? ನಂಗೇನೂ ಬ್ಯಾಡ. ಆ ಮೀಟಿಂಗಿನ ದೊಡ್ಡ ಪುಸ್ತಕದಾಗ ಆತನ ಹೆಸರು ಬರ್ಲಿ, ಸಾಕು. ನಾಳೆ ಯಾವನರ 'ನಿನ್ ಗಂಡ ಕುಡುಕ' ಅಂದ್ರ ಅದನ್ನ ತೋರಿಸಿ ಮಾರಿಗೆ ಉಗುಳ್ತೀನಿ."

ಇಂದುಧರ ಜೇಬಿನಿಂದ ಪೆನ್ನು ತೆಗೆದ. ಮೆಟ್ಟಿಲ ಕಟಕಟೆಯ ಮೇಲೆ ಕಾಗದ ಇಟ್ಟು, ನಾಲ್ಕನೆಯ ಹೆಸರಿನ ಕೆಳಗೆ ತೆಲುಗಿನಲ್ಲಿ ಬರೆದ: ೫. ತಾಯಪ್ಪ, ಒಳಚರಂಡಿ ಕಾರ್ಮಿಕ.

ಎಂ.ಎ. ಪರೀಕ್ಷೆಯಲ್ಲೂ ಅವನು ಅಷ್ಟು ದುಂಡಗೆ ಬರೆದಿರಲಿಲ್ಲ.

"ಏಯ್ ಗಂಟಾ! ಇಲ್ಲಿ ಬಾ."

ಕೌನ್ಸಿಲ್ ಸೆಕ್ರೆಟರಿ ಗೋಪಾಲಕೃಷ್ಣ ಸಭಾಂಗಣದ ಬಾಗಿಲಲ್ಲೇ ಪಟ್ಟಿ ಕಸಿದುಕೊಂಡು ಕನ್ನಡಕ ಏರಿಸಿದರು. ಅಲ್ಲಿನ ಮಾತೆಲ್ಲ ತೆಲುಗೇ. ಬೈಗುಳವಂತೂ ಅಪ್ಪಟ ತೆಲುಗು.

"ಯಾರಯ್ಯಾ ಈ ತಾಯಪ್ಪ? ಎಷ್ಟನೇ ವಾರ್ಡಿನ ಕೌನ್ಸಿಲರು?"

"ಕೌನ್ಸಿಲರಲ್ಲ ಸರ್."

"ಕೌನ್ಸಿಲರ್ ಮಾವನಾ?"

"ನನ್ನ ಮಾವ ಸರ್."

ಸುತ್ತ ನಿಂತಿದ್ದ ಗುಮಾಸ್ತರು ಗೊಳ್ಳೆಂದು ನಕ್ಕರು. ಗೋಪಾಲಕೃಷ್ಣ ನಗಲಿಲ್ಲ. ಅವರು ನಿಯಮದ ಮನುಷ್ಯ.

"ಎಂ.ಎ. ಓದಿದವನಲ್ಲವೇನಯ್ಯಾ ನೀನು? ಅಜೆಂಡಾದ ಏಳನೇ ಐಟಂ ಓದು."

ಇಂದುಧರ ಓದಿದ. ನಗರದ ಚರಂಡಿಗಳನ್ನು ನೂರಕ್ಕೆ ನೂರು ಯಂತ್ರದಿಂದಲೇ ಶುಚಿಗೊಳಿಸುತ್ತಿರುವ ಬಗ್ಗೆ ಸಭೆಯ ಅಭಿನಂದನೆ.

"ಕಾಣ್ತಾ? ಒಂದನೇ ಐಟಮಿನಲ್ಲಿ ಮನುಷ್ಯ ಇಳಿದು ಸತ್ತ. ಏಳನೇ ಐಟಮಿನಲ್ಲಿ ಮನುಷ್ಯ ಇಳಿದೇ ಇಲ್ಲ. ಒಂದೇ ಮೀಟಿಂಗಿನಲ್ಲಿ ಎರಡನ್ನೂ ಹೇಗಯ್ಯಾ ಪಾಸ್ ಮಾಡೋದು? ಸನ್ನಾಸಿ!"

ಅವರು ವೈಟ್‌ನರ್ ತರಿಸಿ ಐದನೆಯ ಸಾಲಿನ ಮೇಲೆ ಬಳಿದರು. ಬಳಿದು ಕಾಗದವನ್ನು ಇಂದುಧರನ ಮುಖದ ಮುಂದೆ ಹಿಡಿದರು.

"ಊದು."

"ಸರ್?"

"ಒಣಗೋ ಹಾಗೆ ಊದಯ್ಯಾ, ವೆಧವಾ. ಮೇಡಂ ಕೈಗೆ ಹಸಿ ಪೇಪರ್ ಕೊಡ್ಲಾ?"

ಇಂದುಧರ ಬಗ್ಗಿ ಊದಿದ. ಒಮ್ಮೆ ಊದಿದ್ದು ಸಾಲದೆಂದು ಅವರು ಇನ್ನೊಮ್ಮೆ ಊದಿಸಿದರು. ಬಿಳಿಯ ಅಡಿಯಲ್ಲಿ 'ತಾ' ಅಕ್ಷರ ಸ್ವಲ್ಪ ಹೊತ್ತು ಕಂಡಿತು. ಆಮೇಲೆ ಅದೂ ಮುಳುಗಿತು.

ಸಭೆ ಸೇರಿತು. ಗಂಟೆಯ ವಿಚಾರ ಇಲ್ಲಿ ಹೇಳಬೇಕು. ಸಭಾಂಗಣದ ಗಡಿಯಾರ ಉದ್ಘಾಟನೆಯ ದಿನ ನಾಲ್ಕೂ ಹತ್ತಕ್ಕೆ ನಿಂತದ್ದು ಮತ್ತೆ ಓಡಿರಲಿಲ್ಲ. ಅದರ ದುರಸ್ತಿಯನ್ನು ಮೂರು ಸಲ ಮುಂದೂಡಲಾಗಿತ್ತು. ಹೋದ ವರ್ಷ ಮೌನಾಚರಣೆಯ ನಡುವೆ ಆಡಳಿತ ಪಕ್ಷದ ಸದಸ್ಯರೊಬ್ಬರು ಎರಡು ನಿಮಿಷ ಆಗುವ ಮೊದಲೇ ಕೂತುಬಿಟ್ಟಿದ್ದರು. 'ಮೃತರಿಗೆ ಅವಮಾನ' ಎಂದು ಪತ್ರಿಕೆಯಲ್ಲಿ ಕೂತವರ ಫೋಟೊ ಬಂತು, ವಿರೋಧ ಪಕ್ಷದವರು ಧರಣಿ ಹೂಡಿದರು. ಅಂದಿನಿಂದ ಚೇರ್‌ಪರ್ಸನ್ ವಿಜಯಲಕ್ಷ್ಮೀ ಮೇಡಂ ಕಟ್ಟಾಜ್ಞೆ ಮಾಡಿದ್ದರು: ಗಂಟೆ ಆಗುವವರೆಗೆ ಯಾರೂ ಕೂರಬಾರದು, ಯಾರೂ ಮಾತಾಡಬಾರದು. ವೇದಿಕೆಯ ಪಕ್ಕ ಒಂದು ಸ್ಟೂಲು, ಸ್ಟೂಲಿನ ಮೇಲೆ ಹಿತ್ತಾಳೆಯ ಗಂಟೆ, ಅದರ ಗುಂಡಿಯ ಮೇಲೆ ಇಂದುಧರನ ಬೆರಳು. ವರ್ಷವಿಡೀ ಅವನನ್ನು ಯಾರೂ ಕಣ್ಣೆತ್ತಿ ನೋಡದಿದ್ದರೂ ಆ ಎರಡು ನಿಮಿಷ ಇಡೀ ಊರಿನ ಮಾನ ಅವನ ತೋರುಬೆರಳಿನಲ್ಲಿರುತ್ತಿತ್ತು.

ಮೇಡಂ ನಾಲ್ಕು ಹೆಸರು ಓದಿದರು. ಮೊದಲನೆಯದು ಅವರ ಅತ್ತೆಯದೇ. ಎರಡನೆಯದು ವಿರೋಧ ಪಕ್ಷದ ನಾಯಕ ಧನಂಜಯರ ಅಣ್ಣನದು. ಆಮೇಲೆ ಕಲ್ಯಾಣಮಂಟಪದ ಮಾಲೀಕರೊಬ್ಬರು, ನಿವೃತ್ತ ಕಂದಾಯ ಅಧಿಕಾರಿಯೊಬ್ಬರು. ಬಿಳಿಯ ಸಾಲಿನ ಹತ್ತಿರ ಬಂದಾಗ ಅವರ ಕಣ್ಣು ಅರೆಕ್ಷಣ ನಿಂತು, ಮುಂದೆ ಹೋಯಿತು.

ಎಲ್ಲರೂ ಎದ್ದು ನಿಂತರು. ಟಿ.ವಿ.ಯವರ ಎರಡು ಕ್ಯಾಮೆರಾಗಳೂ ಅವರೊಂದಿಗೆ ಎದ್ದವು.

ಒಂದು ನಿಮಿಷವಾಯಿತು. ಎರಡಾಯಿತು. ಒತ್ತಬೇಕು ಎಂದು ಇಂದುಧರ ಅಂದುಕೊಂಡ. ಬೆರಳಿಗೆ ಹೇಳಿದ. ಬೆರಳು ಕೇಳಲಿಲ್ಲ. ಇದೇನಿದು, ಎಂದು ಅವನಿಗೇ ಗಾಬರಿಯಾಯಿತು. ಹುಟ್ಟಿದಂದಿನಿಂದ ಹೇಳಿದ್ದನ್ನೆಲ್ಲ ಕೇಳಿಕೊಂಡು ಬಂದ ಬೆರಳು. ಮೂರನೆಯ ನಿಮಿಷದ ಹೊತ್ತಿಗೆ ಗಾಬರಿ ಇಳಿಯಿತು. ಅವನು ತಲೆಯನ್ನು ಇನ್ನಷ್ಟು ತಗ್ಗಿಸಿ, ಅತ್ಯಂತ ಭಕ್ತಿಯಿಂದ ನಿಂತ.

ನಾಲ್ಕನೆಯ ನಿಮಿಷದಲ್ಲಿ ಯಾರದೋ ಜೇಬಿನಲ್ಲಿ ಮೊಬೈಲು 'ಗೋವಿಂದಾ ಗೋವಿಂದ' ಎಂದು ಕೂಗಿಕೊಂಡಿತು. ಅದರ ಒಡೆಯ ಅದನ್ನು ಪ್ಯಾಂಟಿನ ಮೇಲಿಂದಲೇ ಹಿಸುಕಿ ಕೊಂದ. ಐದನೆಯ ನಿಮಿಷದಲ್ಲಿ ಮೇಡಂ ಅರ್ಧ ಕಣ್ಣು ತೆರೆದು ಧನಂಜಯರನ್ನು ನೋಡಿದರು. ಧನಂಜಯರೂ ಅರ್ಧ ಕಣ್ಣು ತೆರೆದು ಮೇಡಮ್ಮನ್ನೇ ನೋಡುತ್ತಿದ್ದರು. ನೀವು ಕೂತರೆ ನಮ್ಮಣ್ಣನಿಗೆ ಅವಮಾನ, ಎಂದು ಇವರ ಕಣ್ಣು ಹೇಳಿತು. ನೀವು ಕೂತರೆ ನಮ್ಮತ್ತೆಗೆ, ಎಂದು ಅವರದು. ಇಬ್ಬರೂ ಮತ್ತೆ ಕಣ್ಣು ಮುಚ್ಚಿದರು.

ಬಾಗಿಲಲ್ಲಿ ಕ್ಯಾಂಟೀನಿನ ಸುಮಿತ್ರಾ ಚಹಾದ ತಟ್ಟೆ ಹಿಡಿದು ಬಂದವಳು, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು ಕಂಬವಾಗಿ ನಿಂತಳು. ಮೂವತ್ತೆರಡು ಗ್ಲಾಸಿನಿಂದ ಹಬೆ ಏಳುತ್ತಿತ್ತು. ಜೊತೆಗಿದ್ದ ಬಿಸಿ ಪುನುಗುಲು ಬೋಂಡಾದ ವಾಸನೆ ಸಾಲುಸಾಲಾಗಿ ಮೂಗುಗಳನ್ನು ಮುಟ್ಟಿ ಹೋಯಿತು. ಸಕ್ಕರೆ ಕಾಯಿಲೆಯ ಧನಂಜಯರು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸತೊಡಗಿದರು. ಅವರಿಗೆ ಬೇರೆ ಅವಸರವೂ ಇದ್ದಂತಿತ್ತು.

ಗೋಪಾಲಕೃಷ್ಣ ತುಟಿಯಲ್ಲೇ "ಗಂಟಾ! ಗಂಟಾ!" ಎಂದರು. ಶಬ್ದವಿಲ್ಲದ ಬೈಗುಳಕ್ಕೆ ಕಿವಿ ಕೊಡುವ ಅಗತ್ಯ ಇಂದುಧರನಿಗೆ ಕಾಣಲಿಲ್ಲ. ಅವರು ಒಂದು ಹೆಜ್ಜೆ ಇಟ್ಟರು. ಕ್ಯಾಮೆರಾ ಅವರ ಕಡೆ ತಿರುಗಿತು. ಇಟ್ಟ ಹೆಜ್ಜೆಯನ್ನು ವಾಪಸು ತೆಗೆದುಕೊಂಡರು.

ಇಂದುಧರ ಚಹಾ ನೋಡುತ್ತಿದ್ದ. ಹಬೆ ತೆಳ್ಳಗಾಯಿತು. ಆಮೇಲೆ ನಿಂತಿತು. ಗ್ಲಾಸುಗಳ ಮೇಲೆ ಒಂದೊಂದಾಗಿ ಕೆನೆ ಕಟ್ಟಿತು. ಇಷ್ಟು ಹೊತ್ತಿಗೆ ಅಂದು ಮ್ಯಾನ್‌ಹೋಲಿನ ಬಳಿ ಕುಡಿದು ಮುಗಿಸಿದ್ದರು. ಇಷ್ಟು ಹೊತ್ತಿಗೆ ಗ್ಲಾಸು ವಾಪಸು ಹೋಗಿದ್ದವು. ಹಗ್ಗ ಮಾತ್ರ ಅಲ್ಲೇ ಇತ್ತು. ಅದರ ಇನ್ನೊಂದು ತುದಿಯಲ್ಲಿ ಎಂಥ ಮೌನವಿದ್ದಿರಬೇಕು ಎಂದು ಅವನು ಇಪ್ಪತ್ತೆರಡು ರಾತ್ರಿ ಯೋಚಿಸಿದ್ದ. ಈಗ ಯೋಚಿಸಬೇಕಾಗಿರಲಿಲ್ಲ. ಅದು ಈ ಕೋಣೆಯ ತುಂಬ ಇತ್ತು.

ಆಗ ಹಿಂದಿನ ಗ್ಯಾಲರಿಯಿಂದ ಒಂದು ದನಿ ಎದ್ದಿತು. ತಾನು ಬದುಕಿರುವ ನಿರ್ಣಯ ಕೇಳಲು ಬಂದು, ಊರುಗೋಲಿನ ಮೇಲೆ ತೂಗಾಡುತ್ತಿದ್ದ ಫಣೀಂದ್ರರದು.

"ಏನಯ್ಯಾ ಇದು! ನಾನು ಸತ್ತಾಗ ಎರಡೇ ನಿಮಿಷಕ್ಕೆ ಕೂತಿರಂತೆ. ಇವತ್ತು ಇಷ್ಟು ಹೊತ್ತು ನಿಂತಿದೀರಿ. ಅಂಥ ದೊಡ್ಡ ಮನುಷ್ಯ ಯಾರಯ್ಯಾ ಸತ್ತಿರೋದು?"

ಇಂದುಧರನ ಬೆರಳು ತಾನಾಗಿಯೇ ಕೆಳಗಿಳಿಯಿತು.

ಟಣ್.

ಮೂವತ್ತೆರಡು ಕುರ್ಚಿಗಳು ಒಟ್ಟಿಗೆ ನರಳಿದವು. ಧನಂಜಯರು ಹೊರಗೆ ಓಡುತ್ತ ಓಡುತ್ತಲೇ ಮೈಕು ಹಿಡಿದು, ಮೃತರ ಬಗ್ಗೆ ತಮ್ಮ ಪಕ್ಷಕ್ಕಿರುವ ಗೌರವ ಎಷ್ಟೆಂದು ಜನ ನೋಡಿದ್ದಾರೆ ಎಂದರು. ಆಡಳಿತ ಪಕ್ಷದವರು ಬಿಟ್ಟಾರೆಯೇ? ಗಂಟೆ ತಮ್ಮ ಮೇಡಮ್ಮಿನದು, ಹಾಗಾಗಿ ಗೌರವವೂ ತಮ್ಮದೇ ಎಂದರು. ಕೊನೆಗೆ, ಹದಿಮೂರು ನಿಮಿಷ ಮೌನ ಆಚರಿಸಿದ ಮೊದಲ ನಗರಸಭೆ ಇದೇ ಎಂದು ದೊಡ್ಡ ಪುಸ್ತಕದಲ್ಲಿ ಸರ್ವಾನುಮತದಿಂದ ಬರೆಸಲಾಯಿತು. ಫಣೀಂದ್ರರು ಬದುಕಿದ್ದಾರೆಂಬುದಕ್ಕೆ ಇಬ್ಬರು ತಕರಾರು ತೆಗೆದರೂ ಅದು ಪಾಸಾಯಿತು. ಎಲ್ಲರ ಕಾಲೂ ಸೋತಿದ್ದರಿಂದ ಏಳನೇ ವಿಷಯವನ್ನು ಓದಲೂ ಇಲ್ಲ. ಮೇಜು ಕುಟ್ಟಿ ಯಂತ್ರವನ್ನು ಅಭಿನಂದಿಸಿದರು.

ಗೋಪಾಲಕೃಷ್ಣ ಮೆಟ್ಟಿಲ ಬಳಿ ಕಾದಿದ್ದರು. ಗಂಟೆಯನ್ನು ಅವನ ಕೈಯಿಂದ ಕಿತ್ತು ಕಂಕುಳಲ್ಲಿ ಇಟ್ಟುಕೊಂಡರು.

"ನಿದ್ದೆ ಹೊಡೀತಿದ್ದೆಯೇನಯ್ಯಾ?"

"ಗಡಿಯಾರ ಕೆಟ್ಟಿದೆ ಸರ್."

"ನಿನ್ನ ಕೊಬ್ಬು ನನಗೆ ಗೊತ್ತಾಗಲ್ಲ ಅಂದ್ಕೊಂಡೆಯಾ? ತೆಗೆದುಹಾಕೋಣ ಅಂದ್ರೆ ಮೇಡಂ ಬೇರೆ ಖುಷಿಯಾಗಿದಾರೆ. ನಾಳೆಯಿಂದ ಈ ಕಡೆ ಮುಖ ಹಾಕಬೇಡ. ದಿನೇಶನ ಗ್ಯಾಂಗಿಗೆ ಹೋಗು. ಅಲ್ಲಿ ಒಂದು ಜಾಗ ಖಾಲಿ ಇದೆ."

"ಯಾರ ಜಾಗ ಸರ್?"

ಗೋಪಾಲಕೃಷ್ಣ ತೋಳು ಬಿಗಿದರು. ಕಂಕುಳಿನ ಗಂಟೆ ತಾನೇ ಒಮ್ಮೆ ಟಣ್ ಎಂದಿತು. "ನಡಿಯಯ್ಯಾ," ಎಂದು ಅವರೇ ನಡೆದುಬಿಟ್ಟರು.

ಅಂಗಳದಲ್ಲಿ ಹುಲಿಗೆಮ್ಮ ಪೊರಕೆ ಒರಗಿಸಿ, ಕಾಂಪೌಂಡಿನ ನೆರಳಲ್ಲಿ ಕೂತಿದ್ದಳು.

"ಬರದ್ರೇನಪಾ?"

ಅವನು ಇಲ್ಲವೆಂದು ತಲೆಯಲ್ಲಾಡಿಸಿದ.

"ಹಲ್ಕಟ್ ನನ್ಮಕ್ಕಳು," ಎಂದು ಅವಳು ಪಕ್ಕಕ್ಕೆ ಉಗುಳಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಮತ್ತ ಅಷ್ಟೊತ್ತು ಯಾಕ್ ನಿಂತಿದ್ರೋ? ಮ್ಯಾಲ ಹತ್ತಿ ಬಂದು ಕಿಟಕ್ಯಾಗ ಹಣಿಕಿ ನೋಡಿದೆ. ಆಯಮ್ಮನ ಕಾಲು ಲಟಲಟ ನಡಗತಿದ್ವು. ಆ ದಪ್ಪಾತ ಉಚ್ಚಿ ಹಿಡಕೊಂಡು ಕುಣೀಲಿಕತ್ತಿದ್ದ," ಎಂದಳು. ಎನ್ನುತ್ತ ಎನ್ನುತ್ತ ಅವಳಿಗೆ ನಗು ಬಂತು. ಇಪ್ಪತ್ತೆರಡು ದಿನದಲ್ಲಿ ಮೊದಲ ಸಲ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ನೀರು ಬಂದ ಮೇಲೆ ನಗು ನಿಂತಿತು, ನೀರು ನಿಲ್ಲಲಿಲ್ಲ.

"ಎಷ್ಟು ಮಂದಿ ಸತ್ತಿದ್ರೋ ಅಳಿಯಾ?"

"ನಾಕ್ ಮಂದಿ ಅತ್ತಿ."

"ನಾಕ್ ಮಂದೀಗೆ ಅಷ್ಟೊತ್ತು?"

ಅವಳು ಅವನ ಮುಖವನ್ನೇ ನೋಡುತ್ತ ಕಾದಳು. ಇಂದುಧರ ಬಗ್ಗಿ, ಒರಗಿಸಿದ್ದ ಪೊರಕೆಯನ್ನು ಎತ್ತಿ ಅವಳ ಕೈಗೆ ಕೊಟ್ಟ.

ಐದು ಮಂದಿ ಎಂದು ಅವನು ಹೇಳಲಿಲ್ಲ.