ಹುಡುಗರ ಹೆಸರಿನಲ್ಲಿ

ಕಾಳಿ ನದಿಯ ದಂಡೆಯ ರೆಸಾರ್ಟೊಂದರಲ್ಲಿ ಮಧುಮತಿ ಕೋಣೆ ಸ್ವಚ್ಛ ಮಾಡುವ ಕೆಲಸಕ್ಕಿದ್ದಳು. ಡಿಗ್ರಿ ಮುಗಿಸಿದವಳಿಗೆ ದಾಂಡೇಲಿಯಲ್ಲಿ ಬೇರೇನೂ ಸಿಕ್ಕಿರಲಿಲ್ಲ. ಆ ಸಿಟ್ಟನ್ನೆಲ್ಲ ಅಂಬೇವಾಡಿಯ ಮನೆಯಲ್ಲಿ, ಪೇಪರ್ ಮಿಲ್ಲಿನಿಂದ ರಿಟೈರ್ ಆದ ಅಪ್ಪ ಸೋಮಪ್ಪನ ಮೇಲೆ ತೀರಿಸಿಕೊಳ್ಳುತ್ತಿದ್ದಳು. "ಪರ್ಮನೆಂಟ್ ನೌಕರಿ, ಕ್ವಾರ್ಟರ್ಸು, ಎಲ್ಲಾ ನಿಮ್ಮ ಕಾಲದವರ ಉಂಡು ಮುಗಿಸಿದ್ರಿ. ನಮಗೇನ ಉಳಿಸೀರಿ?" ಸೋಮಪ್ಪ ಎದ್ದು ಹೊರಗೆ ಹೋಗುತ್ತಿದ್ದ.

ಆ ಶನಿವಾರ ರೆಸಾರ್ಟಿನ ಸಾವ್ಕಾರ ಬೆಳಗಾವಿಯಿಂದ ಬಂದ. ಗೋವಾದಲ್ಲಿ ಹೋಟೆಲು, ಹಳಿಯಾಳದ ದಾರಿಯುದ್ದಕ್ಕೂ ಜಮೀನು ಇದ್ದದ್ದು ಸಾಲದೆ, ಹಳ್ಳಿಯವರು ಬಟ್ಟೆ ಒಗೆಯುತ್ತಿದ್ದ ದಂಡೆಗೂ ತಂತಿ ಬೇಲಿ ಹಾಕಿಸಿಕೊಂಡವನು. ಕೆಲಸದವರನ್ನೆಲ್ಲ ಹುಲ್ಲುಹಾಸಿನ ಮೇಲೆ ನಿಲ್ಲಿಸಿ, ಫಿಲೋಮಿನಾಳನ್ನು ಕೆಲಸದಿಂದ ಬಿಡಿಸಿದ್ದೇನೆ ಎಂದ. ಫಿಲೋಮಿನಾ ಪಕ್ಕದ ಹಳ್ಳಿಯ ಸಿದ್ದಿ ಜನಾಂಗದ ಹೆಂಗಸು. ರೆಸಾರ್ಟು ಶುರುವಾದಂದಿನಿಂದ ಅಲ್ಲಿಯ ಚಾದರ ಒಗೆದೂ ಒಗೆದೂ ಅವಳ ಮೊಣಕೈ ಈಗ ಸರಿಯಾಗಿ ಮಡಚುತ್ತಿರಲಿಲ್ಲ. ಮಧುಮತಿಗೆ ಕೆಲಸ ಕಲಿಸಿದವಳು ಅವಳೇ.

"ವಯಸ್ಸಾದವರು ಜಾಗಾ ಬಿಡಬೇಕು," ಎಂದ ಸಾವ್ಕಾರ ನಗುತ್ತ. "ಹಳೇ ಮಂದಿ ಯೂನಿಯನ್ ಕಟ್ಟಿ ಎಲ್ಲಾ ತಾವ ಉಂಡ್ರು. ನಿಮಗ ಏನೂ ಉಳಿಸಲಿಲ್ಲ. ನಾ ಹುಡುಗರ ಪರ ಇದ್ದೇನಿ. ಮಧುಮತಿ, ಇನ್ನ ಅಕಿ ಕೆಲಸಾನೂ ನೀನ ನೋಡ್ಕೋ."

"ಪಗಾರ ರೀ?"

"ಈಗಿನದ. ಹೆಚ್ಚಿಗಿ ಬೇಕಂದ್ರ ನಿಮ್ಮಪ್ಪನ್ನ ಕೇಳು."

ತಾನು ಅಪ್ಪನಿಗೆ ಅಂದ ಮಾತನ್ನು ಈ ಬಾಯಲ್ಲಿ ಕೇಳಿ ಅವಳ ಮೈ ಉರಿಯಿತು.

"ನಮ್ಮಪ್ಪ ದುಡದು ಉಂಡಾನ್ರಿ. ಹೊಳಿ ದಂಡಿಗೆ ಬೇಲಿ ಹಾಕಿಸಿದಾಂವ ಅವನಲ್ಲ. ಇಬ್ಬರ ಕೆಲಸಕ್ಕ ಒಬ್ಬರ ಪಗಾರ ಕೊಡಾವ್ರು ನೀವು. ನನ್ನ ಹೆಸರ ಹೇಳಿ ಫಿಲೋಮಿನಕ್ಕನ್ನ ಹೊರಗ ಹಾಕಬ್ಯಾಡ್ರಿ."

"ಹಂಗಾರ ನೀನೂ ನಡಿ." ಸಾವ್ಕಾರನ ನಗು ಇಳಿದಿತ್ತು.

ಮಧುಮತಿ ಕೋಣೆಗಳ ಕೀಲಿ ತೆಗೆದು ಅವನ ಮುಂದಿನ ಮೇಜಿನ ಮೇಲಿಟ್ಟಳು. ಜೊತೆಗೆ ಕೆಲಸ ಮಾಡುತ್ತಿದ್ದ ಸಲ್ಮಾ ಕ್ಷಣ ಹಿಂದೆಮುಂದೆ ನೋಡಿ ತನ್ನದನ್ನೂ ಇಟ್ಟಳು. ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಇಟ್ಟು ಗೇಟು ದಾಟಿದರು. ಅತಿಥಿಗಳ ಜೀಪುಗಳು ಆಗಲೇ ಬರುತ್ತಿದ್ದವು. ಕೋಣೆಗಳಲ್ಲಿ ಹಿಂದಿನ ದಿನದ ಚಾದರಗಳೇ ಇದ್ದವು. ಮಧ್ಯಾಹ್ನಕ್ಕೆ ಮ್ಯಾನೇಜರ್ ಬೆವರುತ್ತ ಗೇಟಿನಾಚೆ ಬಂದು ಫಿಲೋಮಿನಾಳನ್ನೂ ಉಳಿದವರನ್ನೂ ವಾಪಸು ಕರೆದ. ಮಧುಮತಿಯನ್ನು ಮಾತ್ರ ಕರೆಯಲಿಲ್ಲ.

ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದಳು. "ನಾ ನಿನಗ ಹಂಗ ಅನಬಾರದಿತ್ತು," ಎಂದಳು ಕೊನೆಗೆ.

"ನಮಗೂ ಪರ್ಮನೆಂಟ್ ನೌಕರಿ ಯಾರೂ ಕರದು ಕೊಟ್ಟಿದ್ದಿಲ್ಲವ್ವಾ," ಎಂದ ಸೋಮಪ್ಪ. "ಮಿಲ್ಲಿನ ಗೇಟಿನ ಮುಂದ ಬಿಸಿಲಾಗ ಧರಣಿ ಕುಂತು ತಗೊಂಡ್ವಿ. ನಿನ್ನ ಕೆಲಸದ ಸಲುವಾಗಿ ಸೋಮವಾರ ಲೇಬರ್ ಆಫೀಸಿಗೆ ಹೋಗೂಣು. ಆ ಹೆಣ್ಮಕ್ಕಳನ್ನೂ ಕರಿ."

ಮಧುಮತಿ ಸಲ್ಮಾಗೆ ಫೋನು ಹಚ್ಚಿದಳು.