ಅರಿಶಿನದ ಡ್ರಮ್ಮಿಗೆ ಕೊರೆದ ಸೀಳು

ಚಾಮರಾಜನಗರದ ಗುಂಡ್ಲುಪೇಟೆ ರಸ್ತೆಯಲ್ಲಿ ಮಹಾಲಿಂಗನ ವೆಲ್ಡಿಂಗ್ ಶಾಪು ಇತ್ತು. ತೊಂಬತ್ತಾರರಲ್ಲಿ ಅವನ ಹೆಂಡತಿಯ ತಮ್ಮ ಮಾದೇಶ್ ಬೆಂಗಳೂರಿನ ಕಾರ್ಖಾನೆ ಬಿಟ್ಟು ಬಂದು ಅಲ್ಲೇ ಕೆಲಸಕ್ಕೆ ನಿಂತ.

ಆ ವರ್ಷ ಭೀಮನಬೀಡಿನ ನಿಂಗಯ್ಯ ಅರಿಶಿನ ಪಾಲಿಶ್ ಮಾಡುವ ದೊಡ್ಡ ಡ್ರಮ್ಮು ಮಾಡಿಕೊಡಲು ಹೇಳಿದರು. ಡ್ರಮ್ಮು ತಿರುಗಿದಾಗ ಕೊಂಬುಗಳು ಒಂದಕ್ಕೊಂದು ಉಜ್ಜಿ, ಸಿಪ್ಪೆ ಪುಡಿಯಾಗಿ ತಗಡಿನ ಸೀಳುಗಳಿಂದ ಉದುರಬೇಕು. ಆ ಸೀಳುಗಳನ್ನು ಎಲ್ಲಿ ಕೊರೆಸುವುದು ಎಂಬುದೇ ಮಾತಾಯಿತು.

"ಬೆಂಗಳೂರಲ್ಲಿ ಲೇಸರಲ್ಲಿ ಕೊರಸ್ಬುಡನ ಭಾವ. ಬೆಳಕಲ್ಲೇ ಕುಯ್ತದ. ಅಂಚು ಬ್ಲೇಡಲ್ಲಿ ಕುಯ್ದಂಗ ಬತ್ತದ," ಎಂದ ಮಾದೇಶ್.

"ಮೈಸೂರಲ್ಲೇ ಪ್ಲಾಸ್ಮಾ ಅದ ಕಣ್ಲಾ. ಬೆಳಿಗ್ಗೆ ಕೊಟ್ರ ಸಂಜಗ ತರಬೌದು. ಅರಿಸಿನಕ್ಕ ಅಷ್ಟು ನಯ ಯಾಕ?"

ಮಹಾಲಿಂಗನ ಮಾತೇ ನಡೆಯಿತು. ಮೈಸೂರಿನಲ್ಲಿ ಪ್ಲಾಸ್ಮಾ ಮಷೀನಿನಿಂದ ಚಿಮ್ಮಿದ ಉರಿಗಾಳಿ ತಗಡನ್ನು ಕರಗಿಸಿ ಊದುತ್ತ ಬೇಗ ಬೇಗ ಸೀಳು ಮಾಡಿತು. ಆದರೆ ಕಾವಿಗೆ ತಗಡು ಹಪ್ಪಳದಂತೆ ಸೊಟ್ಟಗಾಯಿತು. ಕರಗಿದ ಕಬ್ಬಿಣ ಅಂಚಿನಲ್ಲಿ ಗಂಟುಗಂಟಾಗಿ ಉಳಿಯಿತು. ಮಾದೇಶ್ ಅರ ಹಿಡಿದು ಉಜ್ಜತೊಡಗಿದಾಗ ಮಹಾಲಿಂಗ ತಡೆದ. "ಬುಡು, ತಿರುಗ್ತಾ ತಿರುಗ್ತಾ ಅದೇ ಸವೀತದ."

ಭೀಮನಬೀಡಿನಲ್ಲಿ ಡ್ರಮ್ಮು ನೋಡಲು ಅಕ್ಕಪಕ್ಕದವರೆಲ್ಲ ಸೇರಿದ್ದರು. ಅದು ಕುಂಟುತ್ತ ತಿರುಗಿತು. ಬಾಗಿಲು ತೆಗೆದಾಗ ಕೊಂಬುಗಳ ಮೈ ಗೀರಿಹೋಗಿ, ಒಳಗಿನ ಹಳದಿ ಕಾಣುತ್ತಿತ್ತು. ಎಷ್ಟೋ ಮುರಿದಿದ್ದವು. ನಿಂಗಯ್ಯನ ಹೆಂಡತಿ ಮಹಾಲಕ್ಷ್ಮಮ್ಮ ಒಂದು ಹಿಡಿ ಎತ್ತಿಕೊಂಡು ನೋಡಿದರು.

"ಇಲಿ ಕಡ್ದಂಗ ಆಗದಲ್ಲಪ್ಪ. ಇದ್ನ ಯಾರ್ ತಕ್ಕಂಡರು?"

ಮಹಾಲಿಂಗ ಅಷ್ಟು ಜನರ ಮುಂದೆ ತನ್ನ ಕೆಲಸವನ್ನು ತಾನೇ ಬಿಚ್ಚಿ ಟ್ರ್ಯಾಕ್ಟರಿಗೆ ಹೇರಿದ. ಗುಂಡ್ಲುಪೇಟೆಯಲ್ಲಿ ಟೀ ಕುಡಿಯುವಾಗ ಮಾದೇಶನಿಗೆ ಹೇಳಿದ.

"ನೀ ಅಂದದ್ದೇ ಸರಿ ಕಣ್ಲಾ. ಬೆಂಗಳೂರ್ಗ ಓಗನ."

ಹೊಸ ತಗಡಿನ ಜೊತೆಗೆ, ಹೊಸ ಡ್ರಮ್ಮಿನ ಎರಡು ಕೊನೆಗಳಿಗೆ ಬೇಕಾದ ಹೆಬ್ಬೆರಳು ದಪ್ಪದ ಪ್ಲೇಟನ್ನೂ ಕೊಂಡೊಯ್ದರು. ಲೇಸರ್ ಮಷೀನು ತಗಡನ್ನು ಕೊಯ್ದು ಮುಗಿಸಿದ ಮೇಲೆ ಮಹಾಲಿಂಗ ಸೀಳಿನ ಅಂಚಿನ ಮೇಲೆ ಬೆರಳಾಡಿಸಿದ. ಎಲ್ಲೂ ಗಂಟಿರಲಿಲ್ಲ, ತಗಡು ಮಟ್ಟಸವಾಗಿತ್ತು. ಮಾದೇಶ್ ಹುರುಪಿನಿಂದ ದಪ್ಪ ಪ್ಲೇಟನ್ನು ಮುಂದಿಟ್ಟ.

ಮಷೀನಿನವನು ತಲೆಯಾಡಿಸಿದ. "ಇಷ್ಟು ದಪ್ಪ ನಮ್ಮ ಮಷೀನಲ್ಲಿ ಆಗಲ್ಲ. ಪ್ಲಾಸ್ಮಾದಲ್ಲಿ ಮಾಡಿಸಿ."

ಲೇಸರಿಗೆ ಆಗದ್ದೇ ಇಲ್ಲವೆಂದು ನಂಬಿದ್ದ ಮಾದೇಶನ ಮುಖ ಸಪ್ಪಗಾಯಿತು. ಮಹಾಲಿಂಗ ನಗಲಿಲ್ಲ. ಪ್ಲೇಟಿನ ಒಂದು ತುದಿ ಹಿಡಿದು, "ಎತ್ಲಾ, ಮೈಸೂರಲ್ಲಿ ಇಳ್ದು ಕುಯ್ಸನ," ಎಂದ.

ದಪ್ಪ ಪ್ಲೇಟನ್ನು ಪ್ಲಾಸ್ಮಾ ಸಲೀಸಾಗಿ ಕೊಯ್ದಿತು. ಅಂಚು ತುಸು ಓರೆಯಾಗಿದ್ದರೂ ಅದು ಅರಿಶಿನಕ್ಕೆ ತಗಲುವ ಜಾಗವಾಗಿರಲಿಲ್ಲ.

ಎರಡನೆಯ ಡ್ರಮ್ಮು ಕುಂಟದೆ ತಿರುಗಿತು. ಮಹಾಲಕ್ಷ್ಮಮ್ಮ ಒಂದು ಕೊಂಬನ್ನು ಸೆರಗಿನಲ್ಲಿ ಒರೆಸಿ, ಬಿಸಿಲಿಗೆ ಹಿಡಿದು ನೋಡಿ, "ಇನ್ನೊಂದು ಮೂಟ ಸುರೀರಿ," ಎಂದರು.

ಅಂದಿನಿಂದ ಕೆಲಸ ಬಂದಾಗ ಭಾವ ಮೈದುನರಿಬ್ಬರೂ ಮೊದಲು ಕೇಳುತ್ತಿದ್ದುದು ದಪ್ಪ ಎಷ್ಟೆಂದು. ತೆಳುವಾದರೆ ಬೆಂಗಳೂರು, ದಪ್ಪವಾದರೆ ಮೈಸೂರು. ಅವೆರಡರ ನಡುವಿನದು ಬಂದರೆ ಮಾತ್ರ ಜಗಳ ಆಗುತ್ತಿತ್ತು.